ಹನ್ನೊಂದನೆಯ ದಿನದ ಪ್ರಶ್ನೆ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಮಾತು: ಕೈದಿಗಳ ಎದುರಿಗೆ ಕೂಡಲು ಅಂಜಿಕೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಬ್ಬ ಕೈದಿಯೂ ನನಗೆ ಎದುರಾಡಿದ್ದಿಲ್ಲ. ಹೆಚ್ಚಿನವರು ನಮ್ಮ ಓಣಿಯ ಗಂಡಸರಿಗಿಂತ ಸಭ್ಯರಾಗಿಯೇ ಮಾತಾಡಿದರು. ನಾನು ಅಂಜಬೇಕಾಗಿದ್ದದ್ದು ನನ್ನ ಕೈಯ ಪೆನ್ನಿಗೆ. ಅದು ತಿಳಿಯುವ ಹೊತ್ತಿಗೆ ತಲೆ ಅರ್ಧ ಬೆಳ್ಳಗಾಗಿತ್ತು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕುಡಿದ ಅಮಲಿನಲ್ಲಿ ಹೊಡೆದಾಡಿಕೊಂಡು ಬಂದವರು, ಗಾಂಜಾದ ಪ್ರಕರಣದಲ್ಲಿ ಸಿಕ್ಕವರು, ಇತ್ತೀಚೆಗೆ ಗುಳಿಗೆ ಮತ್ತು ಕೆಮ್ಮಿನ ಔಷಧಿಯ ಚಟದವರು ಜೈಲಿನಲ್ಲಿ ಇರುತ್ತಾರೆ. ಇವರಲ್ಲಿ ಯಾರು ಚಟ ಬಿಡಿಸುವ ಚಿಕಿತ್ಸೆಗೆ ತಯಾರಿದ್ದಾರೆ ಎಂದು ಮಾತಾಡಿಸಿ ನೋಡಿ ವರದಿ ಬರೆಯುವುದು ನನ್ನ ಪಾಲಿನ ಕೆಲಸ. ಪ್ರತಿ ಮಂಗಳವಾರ ಜೈಲಿಗೆ ಹೋಗುತ್ತಿದ್ದೆ. ದಿನಸಿ ಕೋಣೆಯ ಪಕ್ಕದ ಚಿಕ್ಕ ಖೋಲಿ, ಒಂದು ಮೇಜು, ಎರಡು ಕುರ್ಚಿ, ಬಾಗಿಲಲ್ಲಿ ಒಬ್ಬ ವಾರ್ಡರ್. ಫಾರ್ಮಿನ ಕೊನೆಯಲ್ಲಿ ಮೂರು ಚೌಕಗಳು: ಸಿದ್ಧ, ಅರೆಸಿದ್ಧ, ಸಿದ್ಧನಿಲ್ಲ. ಚಿಕಿತ್ಸಾ ಕೇಂದ್ರದಲ್ಲಿ ನಮ್ಮ ಕೈದಿಗಳಿಗೆಂದು ಸಿಗುತ್ತಿದ್ದ ಹಾಸಿಗೆಗಳು ಬಹಳ ಕಡಿಮೆ. ಒಂದು ಖಾಲಿಯಾದರೆ ಐದಾರು ಮಂದಿ ಕಾಯುತ್ತಿದ್ದರು. ನಾನು ಯಾವ ಚೌಕದಲ್ಲಿ ಗುರುತು ಹಾಕುತ್ತೇನೆ ಎಂಬುದರ ಮೇಲೆ ಒಬ್ಬನ ಜಾಮೀನು, ಅವನ ಹೆಂಡತಿಯ ನಿರ್ಧಾರ, ಅವನ ಮನೆಯ ಬಾಗಿಲು ನಿಂತಿರುತ್ತಿತ್ತು.

ಮೊದಲ ವರ್ಷದ ಒಂದು ಫಜೀತಿ ಹೇಳುತ್ತೇನೆ. ಒಂದು ಮಂಗಳವಾರ ಡೋಣಿ ಊರಿನ ಕುರಿಗಾಹಿಯೊಬ್ಬ ಬಂದು ಕೂತವನೇ ಕೈಕಟ್ಟಿ, ಶಾಲೆಯಲ್ಲಿ ಪದ್ಯ ಒಪ್ಪಿಸುವವರಂತೆ, "ನಾನು ನನ್ನ ಸಮಸ್ಯೆಯನ್ನು ಒಪ್ಪಿಕೊಂಡಿದ್ದೇನೆ. ನಾನು ಬದಲಾವಣೆಗೆ ಮುಕ್ತನಾಗಿದ್ದೇನೆ" ಎಂದ. ಅವನ ಹಿಂದೆ ಬಂದವನೂ ಅದನ್ನೇ ಅಂದ. ಮೂರನೆಯವನೂ ಅದನ್ನೇ ಅಂದಾಗ ನನಗೆ ತಡೆಯಲಾಗಲಿಲ್ಲ.

"ಮುಕ್ತ ಅಂದ್ರ ಏನೋ ಯಪ್ಪಾ?" ಎಂದು ಕೇಳಿದೆ.

"ಜಾಮೀನ ಸಿಕ್ಕಂಗರಿ ಬಾಯಾರ," ಎಂದ ಆತ, ತೀರ ಪ್ರಾಮಾಣಿಕವಾಗಿ. ಕೈದಿಗಳು ನನ್ನನ್ನು ಕರೆಯುತ್ತಿದ್ದದ್ದೇ ಬಾಯಾರ, ಅಂದರೆ ಅಮ್ಮಾವರು, ಎಂದು.

ವಿಚಾರಿಸಿದರೆ, ಬ್ಯಾರಕಿನಲ್ಲಿದ್ದ ಮುಂಡರಗಿ ಕಡೆಯ ಗುಮಾಸ್ತನೊಬ್ಬ ನನ್ನ ಪ್ರಶ್ನೆಗಳನ್ನೆಲ್ಲ ನೆನಪಿಟ್ಟುಕೊಂಡು ಸಂಜೆ ಹೊತ್ತು ಎಲ್ಲರಿಗೂ ಉತ್ತರ ಬಾಯಿಪಾಠ ಮಾಡಿಸುತ್ತಿದ್ದನಂತೆ. ಅಲ್ಲಿಯವರೆಗೆ ನಾನು ಅಂಥ ಉತ್ತರಗಳನ್ನು ಕೇಳಿ 'ಒಳ್ಳೆಯ ಅರಿವಿದೆ' ಎಂದು ಬರೆದು ಖುಷಿಪಟ್ಟಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಮಾತು ಬಲ್ಲವನಿಗೆ ಹಾಸಿಗೆ ಸಿಗುತ್ತಿತ್ತು.

ಇನ್ನೊಂದು ಸಲದ್ದು ನಗುವ ವಿಷಯವಲ್ಲ. ಜೈಲಿಗೆ ಬಂದು ಎರಡೇ ದಿನವಾಗಿದ್ದ ಒಬ್ಬ, ನಾನು ಏನು ಕೇಳಿದರೂ ಮೇಜಿನ ಮೇಲೆ ಏನನ್ನೋ ಹೆಕ್ಕುತ್ತ ಕೂತಿದ್ದ. 'ಸಹಕರಿಸುವುದಿಲ್ಲ' ಎಂದು ಬರೆದು ಕಳಿಸಿದೆ. ನಮ್ಮ ಡಾಕ್ಟರು ಮೈಸೂರು ಕಡೆಯವರು, ಮಿತಭಾಷಿ. ಅದನ್ನು ಓದಿದವರೇ ಎದ್ದು ಬ್ಯಾರಕಿಗೆ ಓಡಿದರು. ಆತ ಮೇಜಿನ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕುತ್ತಿದ್ದ. ದಿನಾ ಕುಡಿಯುವವನಿಗೆ ಕುಡಿತ ಒಮ್ಮೆಲೇ ನಿಂತಾಗ ಬರುವ ಭ್ರಮೆ ಅದು, ಜೀವಕ್ಕೇ ಅಪಾಯ. ಆಸ್ಪತ್ರೆಗೆ ಸೇರಿಸಿದ್ದಕ್ಕೆ ಬದುಕಿದ. ಡಾಕ್ಟರು ಮರುದಿನ ನನ್ನನ್ನು ಕರೆದು, "ಮೊದಲು ಕೈ ನೋಡಿ, ಆಮೇಲೆ ಮನಸ್ಸು ನೋಡುವಿರಂತೆ. ತುಂಬಿದ ಲೋಟ ಚಹಾ ಕೊಡಿ. ಚೆಲ್ಲದೆ ಹಿಡಿದರೆ ಪ್ರಶ್ನೆ ಕೇಳಿ, ಚೆಲ್ಲಿದರೆ ನನ್ನನ್ನು ಕರೆಯಿರಿ" ಎಂದರು. ಅಂದಿನಿಂದ ಪ್ರತಿ ಮಂಗಳವಾರ ನನ್ನ ಚೀಲದಲ್ಲಿ ಚಹಾದ ಫ್ಲಾಸ್ಕ್ ಇರುತ್ತಿತ್ತು. ಈಗ ಫಾರ್ಮು ಟ್ಯಾಬಿಗೆ ಬಂದಿದೆ, ಅಂಕ ತಾನೇ ಕೂಡಿ ತೋರಿಸುತ್ತದೆ. ಒಳ್ಳೆಯದೇ. ಆದರೂ ಫ್ಲಾಸ್ಕ್ ಒಯ್ಯಿರಿ.

ಇನ್ನು ನಾನು ಬರೆಯಲೇಬೇಕೆಂದು ಕೂತ ಮಾತಿಗೆ ಬರುತ್ತೇನೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅಷ್ಟೊತ್ತಿಗೆ ನನಗೆ ನನ್ನ ಅನುಭವದ ಮೇಲೆ ಭಾರಿ ಭರವಸೆ.

ಲಕ್ಷ್ಮೇಶ್ವರದ ದಾವಲಸಾಬ ಹತ್ತಿ ತುಂಬಿ ಗಾದಿ ಮಾಡುವವನು. ನಲವತ್ತೊಂದು ವರ್ಷ, ಕಡ್ಡಿಯಂಥ ದೇಹ, ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ ಇದ್ದಂತೆ ಒಂದು ಬಿಳಿ ಮಚ್ಚೆ. ಅಣ್ಣ ಇಮಾಮಸಾಬನ ಜೊತೆ ಒಂದೇ ಅಂಗಡಿ, ಒಂದೇ ಮನೆ. ಒಂದು ದಿನ ಕುಡಿದು ಬಂದಾಗ ಅಣ್ಣ ಬೈದ. ಇವನು ಕೈಯಲ್ಲಿದ್ದ ಗಾದಿ ಬಡಿಯುವ ಕೋಲನ್ನೇ ಬೀಸಿದ. ಅಣ್ಣನ ಬಲಗೈ ಎರಡು ಕಡೆ ಮುರಿಯಿತು. ಗಾದಿ ಹೊಲಿಯುವವನಿಗೆ ಬಲಗೈ ಹೋದರೆ ಉಳಿಯುವುದೇನು? ಓಣಿಯವರೇ ಪೊಲೀಸರಿಗೆ ಹಿಡಿದುಕೊಟ್ಟರು. ದಾವಲಸಾಬನ ಹೆಂಡತಿ ಮಮತಾಜ ಮುಲಾಕತ್ತಿಗೆ ಬಂದಾಗ ನನ್ನನ್ನೂ ಕಂಡು ಹೇಳಿದ್ದಳು: "ಭಾವಾರು ಮನಿಯೊಳಗ ಕಾಲಿಡಾಕ ಬಿಡೂದಿಲ್ಲ ಅಂದಾರ್ರಿ. ದವಾಖಾನಿಗೆ ಹೋಗಿ ಬಿಟ್ಟು ಬಂದ್ರ ಮಾತ್ರ ನೋಡೋಣು ಅಂದಾರ. ನೀವ ಏನರ ಮಾಡ್ರಿ."

ಅಂದರೆ ಆ ಮನುಷ್ಯನಿಗೆ ಮನೆ, ಕಸುಬು, ಅಣ್ಣ, ಎಲ್ಲವೂ ಒಂದು ಹಾಸಿಗೆಯ ಆಚೆ ಇದ್ದವು.

ಮಾತಾಡಿಸಿದೆ. ಕೇಳಿದ್ದಕ್ಕಷ್ಟೇ ಉತ್ತರ, ಒಂದೊಂದೇ ಪದ. ಫಾರ್ಮಿನ ಏಳನೆಯ ಪ್ರಶ್ನೆ ಬಂತು. ಎಲ್ಲಕ್ಕಿಂತ ಹೆಚ್ಚು ತೂಕ ಇದ್ದದ್ದು ಅದಕ್ಕೇ.

"ಈ ಮೊದಲ ಎಂದರ ನೀನಾಗೇ ಕುಡಿಯೂದು ಬಿಟ್ಟಿದ್ದಿ?"

"ಇಲ್ಲರಿ."

"ಒಂದ ವಾರ? ಹದಿನೈದ ದಿನ?"

"ಒಮ್ಮಿನೂ ಇಲ್ಲರಿ ಬಾಯಾರ. ಸುಳ್ಳ್ಯಾಕ ಹೇಳ್ಲಿ?"

ಅದೇ ವಾರ ಶಿರಹಟ್ಟಿಯವನೊಬ್ಬನನ್ನು ಮಾತಾಡಿಸಿದ್ದೆ. ನಾಲ್ಕು ಸಲ ಬಿಟ್ಟಿದ್ದನಂತೆ, ಒಮ್ಮೆ ಆರು ತಿಂಗಳಂತೆ, ಹೇಳುವಾಗ ಕಣ್ಣೀರೂ ಬಂತು. ಅವನಿಗೆ 'ಸಿದ್ಧ', ದಾವಲಸಾಬನಿಗೆ 'ಸಿದ್ಧನಿಲ್ಲ. ಹಿಂದೆ ಒಮ್ಮೆಯೂ ಪ್ರಯತ್ನಿಸಿಲ್ಲ' ಎಂದು ಬರೆದೆ. ಹಾಸಿಗೆ ಶಿರಹಟ್ಟಿಯವನಿಗೆ ಹೋಯಿತು. ಮೂರನೆಯ ದಿನ ಅವನು ಚಿಕಿತ್ಸಾ ಕೇಂದ್ರದಿಂದ ಚಪ್ಪಲಿಯನ್ನೂ ಬಿಟ್ಟು ಪರಾರಿಯಾದ. ವಿಷಯ ಕೇಳಿ ಡಾಕ್ಟರು ಮುಂದಿನ ಫೈಲು ತೆಗೆದರು. ಬೈದಿದ್ದರೆ ಚೆನ್ನಾಗಿತ್ತು.

ಅದಾಗಿ ಒಂದೂವರೆ ತಿಂಗಳಿಗೆ ಮೊಹರಂ ಬಂತು. ನಮ್ಮ ಕಡೆ ಮೊಹರಂ ಎಂದರೆ ಮುಸಲ್ಮಾನರದಷ್ಟೇ ಅಲ್ಲ, ಊರಿನ ಹಬ್ಬ. ಹರಕೆ ಹೊತ್ತವರು, ಹಿಂದೂಗಳೂ ಸೇರಿ, ಕೊರಳಿಗೆ ಬಣ್ಣದ ದಾರ ಹಾಕಿಕೊಂಡು ಆ ಹತ್ತು ದಿನ ಫಕೀರರಾಗುತ್ತಾರೆ. ಆ ದಾರಕ್ಕೆ ಲಾಡಿ ಎನ್ನುತ್ತೇವೆ. ಲಾಡಿ ಕೊರಳಲ್ಲಿದ್ದಷ್ಟು ದಿನ ಕುಡಿತ ಇಲ್ಲ, ಮಾಂಸ ಇಲ್ಲ, ಕೆಟ್ಟ ಮಾತಿಲ್ಲ. ಕೊನೆಯ ದಿನ, ಮಸೂತಿಯಲ್ಲಿ ಕೂಡಿಸಿದ ಪಂಜಾ ದೇವರು ಹೊಳೆಗೆ ಹೋದ ಮೇಲೆ ಲಾಡಿ ತೆಗೆಯುತ್ತಾರೆ.

ಆ ಹತ್ತು ದಿನದ ನಡುವಿನ ಮಂಗಳವಾರ ನಾನು ಜೈಲಿನ ಅಂಗಳ ದಾಟುವಾಗ ದಾವಲಸಾಬ ನೀರಿನ ಕೊಡ ಹೊತ್ತು ಎದುರಿಗೆ ಬಂದ. ಕೊರಳಲ್ಲಿ ಲಾಡಿ ಇತ್ತು. ನಾನು ನಿಂತೆ. ಅವನೂ ಕೊಡ ಇಳಿಸಿ ನಿಂತ.

"ಫಕೀರ ಆಗೀ ಏನ?" ಎಂದೆ.

"ಹೂಂ ರಿ."

"ಇಲ್ಲಿ ಹೆಂಗೂ ಕುಡಿಯಾಕ ಸಿಗೂದಿಲ್ಲ. ಲಾಡಿ ಯಾತಕ್ಕ?"

ದಾವಲಸಾಬ ನನ್ನನ್ನು ನೋಡಿದ. ತಿಳಿದವಳು ಹೀಗೆ ಕೇಳುತ್ತಾಳಲ್ಲ ಎನ್ನುವಂತೆ ಇತ್ತು ಆ ನೋಟ. "ಸಿಗದ ಬಿಡೂದು ಬ್ಯಾರೆ, ಸಿಕ್ಕರೂ ಬಿಡೂದು ಬ್ಯಾರೆ ಅಲ್ಲೇನ್ರಿ? ಇದು ಕೊಳ್ಳಾಗ ಇದ್ರ, ಹೊರಗ ಇದ್ದರೂ ನಾ ಮುಟ್ಟತಿದ್ದಿಲ್ಲ."

"ಎಷ್ಟ ವರ್ಷ ಆತು ಲಾಡಿ ಹಾಕಾಕ ಹತ್ತಿ?"

"ಅಪ್ಪ ಹಾಕಿದಾಗ ಹನ್ನೆರಡ ವರ್ಷದಾಂವ ಇದ್ದೆ. ಒಂದ ವರ್ಷನೂ ತಪ್ಪಿಸಿಲ್ಲರಿ."

"ಮತ್ತ ಅವತ್ತ ಒಮ್ಮಿನೂ ಬಿಟ್ಟಿಲ್ಲ ಅಂದೆಲ್ಲೋ!"

"ಇದು ಬಿಟ್ಟಂಗಲ್ಲರಿ ಬಾಯಾರ. ಇದು ದೇವರದು."

ನಾನು ಅವನನ್ನು ಖೋಲಿಗೆ ಕರೆದೊಯ್ದು ಚಹಾ ಕೊಟ್ಟು ಕೂಡಿಸಿದೆ. ಫಾರ್ಮು ತೆಗೆಯಲಿಲ್ಲ. ಕುಡಿತ ಹಿಡಿದ ಮೇಲೆ ಆ ಹತ್ತು ದಿನ ಹೇಗೆ ಕಳೆಯುತ್ತೀ ಎಂದಷ್ಟೇ ಕೇಳಿದೆ. ಒಂದೊಂದು ಪದದ ಮನುಷ್ಯ ಮುಕ್ಕಾಲು ಗಂಟೆ ಮಾತಾಡಿದ. ಮೊಹರಂನ ಚಂದ್ರ ಕಾಣುವುದಕ್ಕೆ ಎಂಟು ದಿನ ಮೊದಲೇ ಕುಡಿಯುವುದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರುತ್ತಿದ್ದನಂತೆ. ಒಮ್ಮೆಲೇ ನಿಲ್ಲಿಸಿದ ವರ್ಷ ಫಿಟ್ಸ್ ಬಂದಿತ್ತು. ಮೊದಲ ಮೂರು ದಿನ ಕೈ ನಡುಗುವುದರಿಂದ ದಬ್ಬಣ ಹಿಡಿಯದೆ ಹತ್ತಿ ಬಿಡಿಸುವ ಕೆಲಸ ಮಾತ್ರ. ಸಾರಾಯಿ ಅಂಗಡಿ ಇರುವ ಬೀದಿ ಬಿಟ್ಟು ಸುತ್ತುಹಾಕಿ ಹೋಗುವುದು. ಎಲ್ಲಕ್ಕಿಂತ ಕಷ್ಟದ ಹೊತ್ತು ದೀಪ ಹಚ್ಚುವ ಹೊತ್ತು. ಆಗ ದೇವರು ಕೂಡಿಸಿದ ಮಸೂತಿಗೆ ಹೋಗಿ ಕೂತುಬಿಡುವುದು. ಅಲ್ಲಿಗೆ ಅಣ್ಣ ದಿನಾ ಚಹಾ ತಂದು ಕೊಟ್ಟು, ಏನೂ ಮಾತಾಡದೆ ಪಕ್ಕದಲ್ಲಿ ಕೂಡುತ್ತಿದ್ದನಂತೆ. ನನ್ನ ಫಾರ್ಮಿನ ನಲವತ್ತು ಪ್ರಶ್ನೆಗಳಿಗೂ ಅವನ ಬಳಿ ಉತ್ತರ ಇತ್ತು. ನಾನು ಕೇಳಿದ ರೀತಿಗೆ ಮಾತ್ರ ಉತ್ತರ ಇರಲಿಲ್ಲ.

"ಈ ವರ್ಷ ಲಾಡಿ ಯಾರ ಹಾಕಿದ್ರು?" ಎಂದೆ.

ದಾವಲಸಾಬ ಲೋಟ ಕೆಳಗಿಟ್ಟ. "ವರ್ಷಾ ಅಣ್ಣನ ಹಾಕತಿದ್ದ. ಈ ಸಲ ಮಮತಾಜನ ಕೈಯಾಗ ಕಳಿಸ್ಯಾನ್ರಿ. ಜೈಲರ್ ಸಾಹೇಬ್ರು ನೋಡಿ ಒಳಗ ಬಿಟ್ರು."

ಏಳುವ ಮೊದಲು ಅವನೇ ಅಂದ: "ಹತ್ತ ದಿನದ ಅಂಜಿಕಿ ಇಲ್ಲರಿ ನನಗ. ಹನ್ನೊಂದನೇ ದಿನದ್ದು ಅಂಜಿಕಿ. ಲಾಡಿ ತಗದ ಮರುದಿನಾ ಸಂಜಿಮುಂದ ಕುಡದೀನಿ. ಪ್ರತಿ ವರ್ಷ. ಅದಕ್ಕ ನಿಮ್ಮ ಕಡೆ ಔಷಧ ಐತೇನ್ರಿ?"

ಆ ದಿನ ಬೆಟಗೇರಿಯ ನನ್ನ ಮನೆಗೆ ಬಂದು ಚೀಲ ಇಳಿಸಿದವಳು ಅಡಿಗೆ ಮನೆಯಲ್ಲಿ ಫ್ಲಾಸ್ಕ್ ತೊಳೆಯಲು ನಿಂತೆ. ನನಗೆ ನಾಚಿಕೆಯಾಗಿತ್ತು. ಲಾಡಿ, ಫಕೀರ ಇವೆಲ್ಲ ಹೊರಗಿನಿಂದ ಬಂದ ಯಾರಿಗಾದರೂ ತಿಳಿಯದಿದ್ದರೆ ಕ್ಷಮಿಸಬಹುದು. ನನ್ನ ಅಪ್ಪನೇ ಪ್ರತಿ ವರ್ಷ ಫಕೀರನಾಗುತ್ತಿದ್ದ. ಅಪ್ಪ ನೇಕಾರ, ದೊಡ್ಡ ಕುಡುಕ. ಮೊಹರಂ ಬಂತೆಂದರೆ ಕೊರಳಿಗೆ ಲಾಡಿ ಹಾಕಿಕೊಂಡು, ಮಗ್ಗದ ಮುಂದೆ ಹಾಡಿಕೊಳ್ಳುತ್ತ ಕೂಡುತ್ತಿದ್ದ. ಅವ್ವ ಚೋಂಗೆ ಎಂಬ ಹಬ್ಬದ ಸಿಹಿ ಮಾಡುತ್ತಿದ್ದಳು. ನನ್ನ ಜಡೆ ಹೆಣೆಯಲು ಅಪ್ಪನೇ ಕೂಡುತ್ತಿದ್ದ; ನೂಲಿನ ಕೈ, ಒಂದು ಕೂದಲೂ ಎಳೆಯುತ್ತಿರಲಿಲ್ಲ. ಹನ್ನೊಂದನೆಯ ದಿನ ಅವ್ವ ಬೇಗ ಅಡಿಗೆ ಮುಗಿಸಿ, ದೀಪ ಹಚ್ಚುವ ಮೊದಲೇ ನಮ್ಮನ್ನು ಪಕ್ಕದ ಮನೆಗೆ ಕಳಿಸುತ್ತಿದ್ದಳು. ಯಾಕೆಂದು ನಾವು ಕೇಳುತ್ತಿರಲಿಲ್ಲ, ಗೊತ್ತಿತ್ತು.

ಆ ಅವ್ವ ಸಾಯುವವರೆಗೂ ಅಂದದ್ದು "ನಿಮ್ಮಪ್ಪ ಒಂದ ದಿನಾನೂ ಬಿಟ್ಟಾಂವಲ್ಲ" ಎಂದು. ನಾನು ಕೆಲಸಕ್ಕೆ ಸೇರುವಾಗ ಸಂದರ್ಶನದಲ್ಲಿ ಅದನ್ನೇ ಹೇಳಿದ್ದೆ, ಹೆಮ್ಮೆಯಿಂದ ಹೇಳಿದ್ದೆ: ನನ್ನ ತಂದೆ ಒಂದು ದಿನವೂ ಬಿಡಲಿಲ್ಲ, ಅದಕ್ಕೇ ಈ ಕೆಲಸಕ್ಕೆ ಬಂದೆ ಎಂದು. ವರ್ಷಕ್ಕೆ ಹತ್ತು ದಿನ ಬಿಡುತ್ತಿದ್ದ. ಆ ದಿನಗಳನ್ನೆಲ್ಲ ದೇವರಿಗೆ ಕೊಟ್ಟು ಅಪ್ಪನಿಗೆ ಒಂದನ್ನೂ ಉಳಿಸಿರಲಿಲ್ಲ ನಾವು. ಹೇಗೆ ಬಿಟ್ಟೆ, ಹನ್ನೊಂದನೆಯ ದಿನ ನಿನಗೆ ಏನಾಗುತ್ತದೆ ಎಂದು ಮನೆಯಲ್ಲಿ ಯಾರೂ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಬಿಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಸಂಜೆ ಅಪ್ಪನನ್ನು ನೆನೆದು ಅತ್ತೆ. ಅವನು ಸತ್ತಾಗ ಅಷ್ಟು ಅತ್ತಿರಲಿಲ್ಲ.

ಮರುದಿನ ಡಾಕ್ಟರ ಮುಂದೆ ನಿಂತು, ದಾವಲಸಾಬನ ವರದಿ ಬದಲಿಸಬೇಕು ಎಂದೆ.

"ದೇವರ ಭಯಕ್ಕೆ ಬಿಡೋದನ್ನ ಸ್ವಂತ ಇಚ್ಛೆ ಅಂತ ಹ್ಯಾಗೆ ಬರೆಯೋದು?" ಎಂದರು ಅವರು.

"ಡಾಕ್ಟರ ಭಯಕ್ಕೆ ಬಿಟ್ಟರೆ ನಾವು ಬರೆಯುತ್ತೇವಲ್ಲ ಸಾರ್?"

ಅವರು ನಕ್ಕರು. ನಾನು ಅವರ ನಗು ಕಂಡದ್ದು ಅದೇ ಮೊದಲು. ಎಂಟು ದಿನ ಮೊದಲೇ ಇಳಿಸುತ್ತ ಬರುವ ವಿಷಯವನ್ನು ಎರಡು ಸಲ ಕೇಳಿ ತಿಳಿದುಕೊಂಡರು. ವೈದ್ಯರಿಲ್ಲದೆ ಹಾಗೆ ಮಾಡುವುದು ಅಪಾಯ, ಆದರೆ ಈತ ತನ್ನ ಮೈಯನ್ನು ಬಲ್ಲವನು ಎಂದರು. "ಹೊಸ ವರದಿ ಕೊಡಿ. ಹಳೆಯದನ್ನ ಹರಿಯಬೇಡಿ. ಅದು ಯಾಕೆ ತಪ್ಪು ಅಂತ ಮೇಲೆ ಬರೆದು ಸಹಿ ಹಾಕಿ."

'ನನ್ನ ಹಿಂದಿನ ವರದಿ ತಪ್ಪಾಗಿದೆ. ಕೈದಿ ಸುಳ್ಳು ಹೇಳಿರಲಿಲ್ಲ. ನಾನು ಸರಿಯಾಗಿ ಕೇಳಿರಲಿಲ್ಲ.' ಇಡೀ ಸೇವೆಯಲ್ಲಿ ನಾನು ಬರೆದ ಅತಿ ಕಷ್ಟದ ಮೂರು ವಾಕ್ಯ ಇವು. ಬರೆದ ಮೇಲೆ ಪ್ರಾಣವೇನೂ ಹೋಗಲಿಲ್ಲ. ನೀವೂ ಬರೆಯಿರಿ, ಬೇಗ ಬರೆಯಿರಿ.

ವರದಿಯೊಂದೇ ಸಾಲದು. ಜಾಮೀನಿಗೆ ಮನೆಯವರೊಬ್ಬರು ನಿಲ್ಲಬೇಕು, ಅವರೇ ಕರೆದೊಯ್ದು ಕೇಂದ್ರಕ್ಕೆ ಸೇರಿಸಬೇಕು. ಆದ್ದರಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಇಮಾಮಸಾಬ ಅಂಗಡಿಯಲ್ಲಿ ಹತ್ತಿಯ ರಾಶಿಯ ನಡುವೆ ಕೂತು, ಎಡಗೈಯಲ್ಲಿ ದಬ್ಬಣ ಹಿಡಿಯಲು ಕಲಿಯುತ್ತಿದ್ದ. ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ಕೂಡಿತ್ತು. ನಾನು ಯಾರೆಂದು ಹೇಳಿದೆ.

"ಕುಂಡ್ರಿ," ಎಂದು ಒಂದು ಗಾದಿ ಎಳೆದು ಹಾಕಿದ.

"ಸಿಟ್ಟ ಇದ್ರ ಲಾಡಿ ಯಾಕ ಕಳಿಸಿದ್ರಿ?" ಎಂದು ಕೇಳಿಯೇ ಬಿಟ್ಟೆ.

ಇಮಾಮಸಾಬ ದಬ್ಬಣವನ್ನು ಗಾದಿಗೆ ಚುಚ್ಚಿ ನಿಲ್ಲಿಸಿದ. "ಹತ್ತ ದಿನದ ತಮ್ಮ ನನಗ ಬೇಕ್ರಿ. ಅಂಥಾ ತಮ್ಮ ಈ ಊರಾಗ ಯಾರಿಗೂ ಇಲ್ಲ. ಉಳದ ದಿನದಾಂವ ಬ್ಯಾಡ. ಅಪ್ಪ ಸತ್ತಾಗಿಂದ ಲಾಡಿ ಹಾಕೂದೂ ನಾನ, ಹನ್ನೊಂದನೇ ದಿನ ಜಲ್ದಿ ಅಂಗಡಿ ಬಾಗಲಾ ಹಾಕಿ ಮನಿಗೆ ಓಡೂದೂ ನಾನ. ಅಂವ ಕುಡದ ಬರೂದನ್ನ ನೋಡಾಕ ಆಗೂದಿಲ್ರಿ ನನಗ."

"ಅವನಿಗೂ ಆ ದಿನದ್ದ ಅಂಜಿಕಿ ಐತಿ. ತಾನ ಹೇಳ್ಯಾನ."

"ಹಂಗಂತ ಹೇಳಿದ್ನ?" ಆತ ನನ್ನ ಮುಖವನ್ನೇ ನೋಡಿದ. "ಖರೆ? ತಾನ ಹೇಳಿದ್ನ?"

ಮುಂದಿನ ವಾರ ಇಮಾಮಸಾಬ ಸೊಟ್ಟ ಕೈಯಿಂದಲೇ ಜಾಮೀನಿನ ಕಾಗದಕ್ಕೆ ಸಹಿ ಹಾಕಿದ. ಹಾಸಿಗೆ ಖಾಲಿಯಾಗಲು ಇನ್ನೂ ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನ ನನಗೇ ನಿದ್ದೆ ಸರಿಯಾಗಿ ಬರಲಿಲ್ಲ. ದಾವಲಸಾಬ ಪೂರ್ತಿ ಚಿಕಿತ್ಸೆ ಮುಗಿಸಿ ಮನೆಗೆ ಹೋದ. ಅಣ್ಣ ತಮ್ಮಂದಿರು ಕೋರ್ಟಿನಲ್ಲಿ ರಾಜಿಯಾದರು. ಇಲ್ಲಿಗೆ ಸುಖಾಂತ ಎಂದುಕೊಳ್ಳಬೇಡಿ. ನಾಲ್ಕನೆಯ ತಿಂಗಳು ಇಮಾಮಸಾಬನ ಫೋನು ಬಂತು: "ಬಾಯಾರ, ಕುಡದಾನ್ರಿ. ಆದ್ರ ಅಡ್ಡಬೀದಿಯೊಳಗ ಅಡಗಿಲ್ಲ, ತಾನ ಬಂದು ನನ್ನ ಮುಂದ ಕುಂತಾನ. ಏನ ಮಾಡ್ಲಿ?" ಬೆಳಗಾದರೆ ಡಾಕ್ಟರ ಹತ್ತಿರ ಕರೆತನ್ನಿ ಎಂದೆ. ಕರೆತಂದ.

ಆಮೇಲೆ ಉಳಿದ ಸೇವೆಯ ದಿನಗಳಲ್ಲಿ ನಾನು ಏಳನೆಯ ಪ್ರಶ್ನೆಯನ್ನು ಫಾರ್ಮಿನಲ್ಲಿ ಇದ್ದಂತೆ ಕೇಳಲೇ ಇಲ್ಲ. ಶ್ರಾವಣದಲ್ಲಿ ಬಿಡುತ್ತೀಯೇನು, ಮಾಲೆ ಹಾಕುತ್ತೀಯೇನು, ರಂಜಾನಿನಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. ಅಸುಂಡಿಯ ರೈತನೊಬ್ಬ ಪ್ರತಿ ಶ್ರಾವಣ ಬಿಟ್ಟು, ಅದು ಮುಗಿದ ಮರುದಿನ ಎರಡರಷ್ಟು ಕುಡಿಯುತ್ತಿದ್ದ; ಅವನೂ ಮೊದಲು 'ಒಮ್ಮಿನೂ ಬಿಟ್ಟಿಲ್ಲ' ಎಂದವನೇ. ಎಲ್ಲರಿಗೂ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಹರಕೆ ಮುಗಿದ ಮರುದಿನ ಸಂಜೆ ನಿನ್ನ ಪಕ್ಕದಲ್ಲಿ ಯಾರು ಕೂಡುತ್ತಾರೆ? ಅದಕ್ಕೆ ಒಂದು ಹೆಸರು ಹೇಳಿದವನನ್ನು ತಯಾರಿದ್ದಾನೆ ಎಂದು ನಂಬಿದೆ. ಹೆಸರಿಲ್ಲದವನಿಗೆ ಮೊದಲು ಒಬ್ಬರನ್ನು ಹುಡುಕಿಕೊಟ್ಟೆ. ಆಗಲೂ ತಪ್ಪಿದ್ದುಂಟು, ಮೊದಲಿನಷ್ಟಲ್ಲ.

ನಾನು ನಿವೃತ್ತಳಾದ ಮೇಲೆ ಮತ್ತೆ ಮೊಹರಂ ಬಂತು. ದೇವರು ಹೊಳೆಗೆ ಹೋದ ಮರುದಿನ ಮಧ್ಯಾಹ್ನ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಯಾರೂ ಕರೆದಿರಲಿಲ್ಲ. ಸಂಬಳವೂ ಇಲ್ಲದ ಕೆಲಸ ಎಂದು ನನ್ನ ತಂಗಿ ಹಂಗಿಸಿದಳು.

ಅಂಗಡಿಯಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ದರು. ದಾವಲಸಾಬ ಗಾದಿಯ ಅಂಚು ಹೊಲಿಯುತ್ತಿದ್ದ. ಕೊರಳು ಬರಿದಾಗಿತ್ತು, ದಾರ ಇದ್ದ ಕಡೆ ಚರ್ಮ ಸ್ವಲ್ಪ ತಿಳಿಯಾಗಿತ್ತು. ನನ್ನನ್ನು ನೋಡಿ ದಬ್ಬಣ ನಿಲ್ಲಿಸಿದ.

"ಹನ್ನೊಂದನೇ ದಿನ ಅಂತ ನೋಡಾಕ ಬಂದ್ರೇನ್ರಿ ಬಾಯಾರ?"

"ಹೂಂ," ಎಂದೆ. ಸುಳ್ಳು ಯಾಕೆ ಹೇಳಲಿ?

"ಛಲೋ ಆತು ಬಂದಿದ್ದು," ಎಂದ ಇಮಾಮಸಾಬ. "ನಾನೂ ಇವತ್ತ ಬಾಗಲಾ ಹಾಕೂದಿಲ್ಲ ಅಂತ ಕುಂತೇನಿ."

ಮಮತಾಜ ಚಹಾ ಕಳಿಸಿದಳು. ಹತ್ತಿಯ ಬೆಲೆ, ಈಗಿನವರು ಕೊಳ್ಳುವ ಫೋಮಿನ ಗಾದಿ, ನನ್ನ ಮೊಣಕಾಲು ನೋವು, ಹೀಗೆ ಏನೇನೋ ಮಾತಾಡಿದೆವು. ಬಿಸಿಲು ಅಂಗಡಿಯ ಹೊಸ್ತಿಲು ಬಿಟ್ಟು ರಸ್ತೆಗೆ ಸರಿಯಿತು. ಎದುರಿನ ಅಂಗಡಿಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ದಾವಲಸಾಬ ದಬ್ಬಣ ಇಟ್ಟು, ಮೈಮೇಲಿನ ಹತ್ತಿ ಝಾಡಿಸಿಕೊಂಡು ಎದ್ದು ನಿಂತ. ಇಮಾಮಸಾಬನ ಸೊಟ್ಟ ಕೈ ತಾನಾಗಿ ಮುಂದೆ ಚಾಚಿ, ಅರ್ಧಕ್ಕೆ ನಿಂತಿತು. ನಾನು ಉಸಿರು ಹಿಡಿದು ಕೂತೆ, ಪಕ್ಕದ ಮನೆಯಲ್ಲಿ ಕಿವಿಗೊಟ್ಟು ಕೂಡುತ್ತಿದ್ದ ಹುಡುಗಿಯಂತೆ.

ದಾವಲಸಾಬ ಗೋಡೆಯತ್ತ ಹೋಗಿ ಅಂಗಡಿಯ ಲೈಟು ಹಾಕಿದ. ತಿರುಗಿ ಬಂದು, ಅಣ್ಣನ ಪಕ್ಕದಲ್ಲಿ ಕೂತು ಮತ್ತೆ ದಬ್ಬಣ ಹಿಡಿದ.